ದೇವತೆಗಳು ಕೂಡುವ ತಿಂಗಳು

ಜೀರ್ಣೋದ್ಧಾರದ ಕಾಲದಲ್ಲಿ ದೇವರನ್ನು ಬಾಲಾಲಯಕ್ಕೆ ಬಿಜಯಂಗೈಸಿದ ಮೇಲೆ ಬರಿದಾದ ಗರ್ಭಗುಡಿಯ ಮುಂದೆ ನಿಂತವರಿಗೆ ಮನಸ್ಸಿನಲ್ಲಿ ಒಂದು ವಿಧವಾದ ಶೂನ್ಯಭಾವ ಉಂಟಾಗುವುದು ಸಹಜ. ದಿನವೂ ಕೈಮುಗಿದ ಸ್ಥಳವೇ ಅದಾದರೂ, ಈಗ ಕೈಮುಗಿಯಬೇಕೆ, ಬೇಡವೆ ಎಂದು ಕ್ಷಣಕಾಲ ಸಂಶಯವಾಗುತ್ತದೆ. ದೇವರು ತನ್ನ ಮನೆಯಲ್ಲಿ ಇಲ್ಲವೆಂಬ ಈ ಭಾವವನ್ನು ಪ್ರತಿವರ್ಷವೂ ಒಂದು ತಿಂಗಳ ಕಾಲ ಅನುಭವಿಸುವ ದೇಶವೊಂದು ಪೂರ್ವದಿಕ್ಕಿನಲ್ಲಿ ಉಂಟು. ಅದು ಜಪಾನ್. ಅಲ್ಲಿನ ನಂಬಿಕೆಯಂತೆ ಹತ್ತನೆಯ ಚಾಂದ್ರಮಾಸದಲ್ಲಿ ದೇಶದ ದೇವತೆಗಳು ತಂತಮ್ಮ ಗುಡಿಗಳನ್ನು ಬಿಟ್ಟು ಇಜುಮೊ ಎಂಬ ಒಂದೇ ಕ್ಷೇತ್ರಕ್ಕೆ ತೆರಳಿ ಅಲ್ಲಿ ಸಭೆ ಸೇರುತ್ತಾರೆ. ಅವರು ಏಕೆ ಸೇರುತ್ತಾರೆ, ಯಾರ ಮನೆಯಲ್ಲಿ ಸೇರುತ್ತಾರೆ, ಆ ಮನೆಗೆ ಅಂತಹ ಗೌರವ ಹೇಗೆ ಪ್ರಾಪ್ತವಾಯಿತು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ತಿಂಗಳಿಗೆ ಎರಡು ಹೆಸರು

ಜಪಾನಿನ ಮೂಲ ಧರ್ಮಕ್ಕೆ ಶಿಂತೊ ಎಂದು ಹೆಸರು. 'ದೇವತೆಗಳ ಮಾರ್ಗ' ಎಂದು ಅದರ ಅರ್ಥ. ಅಲ್ಲಿ ದೇವತೆಗೆ 'ಕಾಮಿ' ಎನ್ನುತ್ತಾರೆ. ನಾವು ದೇವರು, ದೈವ, ನಾಗ, ವನದೇವತೆ ಎಂದು ಬೇರೆ ಬೇರೆಯಾಗಿ ಕರೆಯುವುದೆಲ್ಲವೂ ಆ ಒಂದೇ ಮಾತಿನಲ್ಲಿ ಅಡಗುತ್ತದೆ. ಸೂರ್ಯನೂ ಕಾಮಿ, ಬೆಟ್ಟವೂ ಕಾಮಿ, ಪುರಾತನ ವೃಕ್ಷವೂ ಕಾಮಿ, ಪೂರ್ವಜರೂ ಕಾಮಿಗಳಾಗಬಲ್ಲರು. ಇವರ ಸಂಖ್ಯೆ ಎಂಬತ್ತು ಲಕ್ಷವೆಂದು ರೂಢಿಯ ಮಾತು. ನಮ್ಮ ಮೂವತ್ತಮೂರು ಕೋಟಿಯ ಲೆಕ್ಕದಂತೆ ಇದಕ್ಕೂ ಅಸಂಖ್ಯಾತ ಎಂಬುದೇ ಭಾವಾರ್ಥ.

ಹತ್ತನೆಯ ಚಾಂದ್ರಮಾಸಕ್ಕೆ ದೇಶದ ಇತರ ಕಡೆಗಳಲ್ಲಿ 'ಕನ್ನಜುಕಿ', ಎಂದರೆ 'ದೇವರಿಲ್ಲದ ತಿಂಗಳು' ಎಂದು ಹೆಸರು. ಇಜುಮೊ ಪ್ರಾಂತದಲ್ಲಿ ಮಾತ್ರ ಅದೇ ತಿಂಗಳಿಗೆ 'ಕಾಮಿಯಾರಿಜುಕಿ', ಎಂದರೆ 'ದೇವರಿರುವ ತಿಂಗಳು' ಎಂದು ಹೆಸರು. ಒಂದು ಕಡೆಯ ಶೂನ್ಯವೇ ಇನ್ನೊಂದು ಕಡೆಯ ಪೂರ್ಣವಾಗಿರುವುದು ಇದರ ವಿಶೇಷ.

ಜಪಾನ್ ಸರಕಾರವು 1873ರಿಂದ ಪಾಶ್ಚಾತ್ಯ ಪಂಚಾಂಗವನ್ನು ಸ್ವೀಕರಿಸಿದರೂ, ಇಜುಮೊ ಮಹಾಮಂದಿರದಲ್ಲಿ ಈ ಉತ್ಸವವು ಇಂದಿಗೂ ಹಳೆಯ ಚಾಂದ್ರಮಾನದಂತೆಯೇ ನಡೆಯುತ್ತದೆ. ನಮ್ಮ ಕಾರ್ತಿಕದಂತೆ ಆ ತಿಂಗಳೂ ಅಮಾವಾಸ್ಯೆಯೊಡನೆ ಮೊದಲಾಗುವುದರಿಂದ ಹೆಚ್ಚಿನ ವರ್ಷಗಳಲ್ಲಿ ಇವೆರಡೂ ಒಂದರ ಮೇಲೊಂದು ಬರುತ್ತವೆ. 2022ರಲ್ಲಿ ದೇವತೆಗಳ ಸ್ವಾಗತವು ನವೆಂಬರ್ 3ರಂದು ನಡೆಯಿತು. ಮರುದಿನ ನಮ್ಮಲ್ಲಿ ಉತ್ಥಾನ ಏಕಾದಶಿ. 2023ರಲ್ಲಿ ಸ್ವಾಗತವು ನವೆಂಬರ್ 22ರಂದು; ಮರುದಿನ ಮತ್ತೆ ನಮ್ಮ ಏಕಾದಶಿ. ಅಧಿಕಮಾಸಗಳ ವ್ಯತ್ಯಾಸದಿಂದ ಕೆಲವು ವರ್ಷ ಒಂದು ತಿಂಗಳ ಅಂತರವಾಗುವುದುಂಟು. ಆದರೂ ನಾವು ತುಲಸಿಯ ಮುಂದೆ ಹಣತೆ ಹಚ್ಚುವ ದಿನಗಳಲ್ಲಿಯೇ ಅವರು ಕಡಲ ತೀರದಲ್ಲಿ ಬೆಂಕಿ ಉರಿಸಿ ದೇವತೆಗಳ ದಾರಿ ಕಾಯುತ್ತಾರೆಂಬುದು ಸ್ಮರಣೀಯ.

ಬಿಟ್ಟುಕೊಟ್ಟ ದೇವನ ಕಥೆ

ಇಜುಮೊ ಮಹಾಮಂದಿರವು ಜಪಾನಿನ ಪಶ್ಚಿಮದ ಕಡಲಂಚಿನಲ್ಲಿ, ಶಿಮಾನೆ ಪ್ರಾಂತದಲ್ಲಿದೆ. ಅಲ್ಲಿನ ಅಧಿದೇವತೆ ಓಕುನಿನುಶಿ. ಆ ಹೆಸರಿಗೆ 'ಮಹಾನಾಡಿನ ಒಡೆಯ' ಎಂದರ್ಥ. ಇವನ ಕಥೆಯು ಕ್ರಿ. ಶ. 712ರಲ್ಲಿ ರಚಿತವಾದ 'ಕೋಜಿಕಿ' ಎಂಬ ಗ್ರಂಥದಲ್ಲಿಯೂ 720ರ 'ನಿಹೋನ್ ಶೋಕಿ' ಎಂಬ ಗ್ರಂಥದಲ್ಲಿಯೂ ಕಾಣಬರುತ್ತದೆ.

ಓಕುನಿನುಶಿಗೆ ಬಹುಮಂದಿ ಸೋದರರಿದ್ದರು. ಅವರೆಲ್ಲರೂ ಇನಾಬಾ ಎಂಬ ನಾಡಿನ ರಾಜಕುಮಾರಿಯನ್ನು ವರಿಸಬೇಕೆಂದು ಹೊರಟಾಗ ಇವನ ಹೆಗಲಿಗೆ ತಮ್ಮ ಗಂಟುಮೂಟೆಗಳ ಚೀಲವನ್ನು ಹೊರಿಸಿದರು. ದಾರಿಯಲ್ಲಿ ಚರ್ಮ ಸುಲಿದುಹೋದ ಒಂದು ಮೊಲ ನರಳುತ್ತಿತ್ತು. ಕಡಲಿನ ಕ್ರೂರ ಜಂತುಗಳನ್ನು ವಂಚಿಸಿ ಅವುಗಳ ಬೆನ್ನ ಮೇಲೆ ಹಾದು ದ್ವೀಪದಿಂದ ದಡಕ್ಕೆ ಬರಲು ಹೋಗಿ ಅದಕ್ಕೆ ಆ ಗತಿ ಒದಗಿತ್ತು. ಮುಂದೆ ಹೋದ ಸೋದರರು ಪರಿಹಾಸಕ್ಕಾಗಿ, ಉಪ್ಪುನೀರಿನಲ್ಲಿ ಮಿಂದು ಗಾಳಿಗೆ ಮೈಯೊಡ್ಡುವಂತೆ ಅದಕ್ಕೆ ಹೇಳಿದರು. ಅದರಿಂದ ಮೊಲದ ವೇದನೆ ಇಮ್ಮಡಿಯಾಯಿತು. ಚೀಲ ಹೊತ್ತು ಹಿಂದೆ ಬಂದ ಓಕುನಿನುಶಿಯು ಅದನ್ನು ಕಂಡು ಮರುಗಿ, ನದಿಯ ಸಿಹಿನೀರಿನಲ್ಲಿ ಮೈತೊಳೆದು ಜೊಂಡಿನ ಹೂವಿನ ಪರಾಗದಲ್ಲಿ ಹೊರಳುವಂತೆ ತಿಳಿಸಿದನು. ಮೊಲ ಗುಣಹೊಂದಿತು. ರಾಜಕುಮಾರಿಯು ನಿನ್ನನ್ನೇ ವರಿಸುವಳೆಂದು ಅದು ನುಡಿದ ಭವಿಷ್ಯವೂ ಫಲಿಸಿತು.

ಆ ಅಸೂಯೆಯಿಂದ ಸೋದರರು ಇವನನ್ನು ಎರಡು ಸಲ ಕೊಂದರೂ ತಾಯಿಯ ಪ್ರಯತ್ನದಿಂದ ಇವನು ಮರಳಿ ಬದುಕಿದನು. ಬಳಿಕ ಪಾತಾಳಲೋಕದಲ್ಲಿದ್ದ ಸುಸಾನೊ ಎಂಬ ಉಗ್ರದೇವತೆಯ ಬಳಿಗೆ ಹೋಗಿ, ಹಾವುಗಳ ಕೋಣೆ, ಜರಿಹುಳುಗಳ ಕೋಣೆ, ಸುತ್ತಲೂ ಉರಿಯುವ ಬಯಲು ಮೊದಲಾದ ಪರೀಕ್ಷೆಗಳನ್ನು ದಾಟಿ, ಆ ದೇವತೆಯ ಮಗಳೊಡನೆ ಮೇಲಕ್ಕೆ ಬಂದನು. ಅನಂತರ ಸುಕುನಬಿಕೊನ ಎಂಬ ಕುಬ್ಜದೇವತೆಯ ನೆರವಿನಿಂದ ನಾಡನ್ನು ಕಟ್ಟಿದನು. ಮನುಷ್ಯರಿಗೂ ಪಶುಗಳಿಗೂ ಔಷಧಕ್ರಮವನ್ನು ಕಲಿಸಿದವರು ಇವರಿಬ್ಬರೇ ಎಂದು ಪ್ರತೀತಿ.

ಹೀಗೆ ಕಷ್ಟಪಟ್ಟು ಕಟ್ಟಿದ ನಾಡಿನ ಮೇಲೆ ಸ್ವರ್ಗದ ದೃಷ್ಟಿ ಬಿದ್ದಿತು. ಸೂರ್ಯದೇವಿಯಾದ ಅಮತೆರಾಸು ಆ ನಾಡು ತನ್ನ ಸಂತತಿಗೆ ಸೇರತಕ್ಕದ್ದೆಂದು ಹೇಳಿ ದೂತರನ್ನು ಕಳುಹಿಸಿದಳು. ಮೊದಲು ಬಂದ ಅಮೆನೊಹೊಹಿ ಎಂಬ ದೂತನು ಓಕುನಿನುಶಿಗೇ ಒಲಿದು, ಮೂರು ವರ್ಷವಾದರೂ ವರದಿ ಒಪ್ಪಿಸಲಿಲ್ಲ. ಕೊನೆಗೆ ತಕೆಮಿಕಾಜುಚಿ ಎಂಬ ವೀರದೇವತೆಯು ಇನಾಸಾ ಎಂಬ ಕಡಲ ತೀರದಲ್ಲಿ ಇಳಿದು, ಖಡ್ಗವನ್ನು ತಲೆಕೆಳಗಾಗಿ ಅಲೆಗಳ ಮೇಲೆ ನೆಟ್ಟು, ಅದರ ಮೊನೆಯ ಮೇಲೆ ಕುಳಿತು ಉತ್ತರ ಕೇಳಿದನು. ಓಕುನಿನುಶಿಯು ತನ್ನ ಮಕ್ಕಳನ್ನು ಕೇಳಬೇಕೆಂದನು. ಒಬ್ಬ ಮಗನು ಒಪ್ಪಿದನು. ತಕೆಮಿನಕಾತ ಎಂಬ ಮಗನು ಒಪ್ಪದೆ ಬಾಹುಯುದ್ಧ ಮಾಡಿ ಸೋತು, ದೂರದ ಸುವಾ ಸರೋವರದವರೆಗೆ ಓಡಿ, ಆ ಸ್ಥಳವನ್ನು ಬಿಟ್ಟು ಕದಲುವುದಿಲ್ಲವೆಂದು ಶಪಥ ಮಾಡಿ ಪ್ರಾಣ ಉಳಿಸಿಕೊಂಡನು.

ಆಗ ಓಕುನಿನುಶಿಯು ನಾಡನ್ನು ಬಿಟ್ಟುಕೊಟ್ಟನು. ಅವನು ಕೇಳಿದ್ದು ಒಂದೇ: ತಳದ ಬಂಡೆಯ ಮೇಲೆ ಕಂಬಗಳನ್ನು ನೆಟ್ಟು, ಆಕಾಶಕ್ಕೆ ತೊಲೆಗಳನ್ನು ಎತ್ತಿದ ಒಂದು ಮಂದಿರ ತನಗೆ ಬೇಕು. 'ನಿಹೋನ್ ಶೋಕಿ'ಯ ಒಂದು ಪಾಠಾಂತರವು ಈ ಒಡಂಬಡಿಕೆಯನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕಣ್ಣಿಗೆ ಕಾಣುವ ರಾಜ್ಯಕಾರ್ಯಗಳು ಸ್ವರ್ಗದ ವಂಶಕ್ಕೆ. ಕಣ್ಣಿಗೆ ಕಾಣದ ದೈವಕಾರ್ಯಗಳು ಓಕುನಿನುಶಿಗೆ. ಅವನ ಪೂಜೆಯ ಭಾರವನ್ನು ಆ ಮೊದಲ ದೂತನಾದ ಅಮೆನೊಹೊಹಿಗೆ ವಹಿಸಲಾಯಿತು. ಇಂದಿಗೂ ಇಜುಮೊದ ಪ್ರಧಾನ ಅರ್ಚಕ ಮನೆತನವು ತನ್ನ ವಂಶಮೂಲವನ್ನು ಅಮೆನೊಹೊಹಿಯಿಂದಲೇ ಎಣಿಸುತ್ತದೆ.

ಈಗ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು. ಕಾಣದ ಸಂಬಂಧಗಳಿಗೆ ಒಡೆಯನಾದವನು ಓಕುನಿನುಶಿ. ಆದಕಾರಣ ವರ್ಷಕ್ಕೊಮ್ಮೆ ದೇವತೆಗಳೆಲ್ಲರೂ ಆಲೋಚನೆಗಾಗಿ ಬರುವುದು ಅವನ ಮನೆಗೆ. ಗೆದ್ದವನ ಅರಮನೆಯಲ್ಲಿ ಅಲ್ಲ, ಬಿಟ್ಟುಕೊಟ್ಟವನ ಮನೆಯಲ್ಲಿ ಆ ಸಭೆ ಸೇರುತ್ತದೆ.

ಕಡಲ ತೀರದ ಸ್ವಾಗತ

ಹತ್ತನೆಯ ತಿಂಗಳ ಹತ್ತನೆಯ ದಿನ ಸಂಜೆ ಏಳು ಗಂಟೆಯ ಸುಮಾರಿಗೆ ಇನಾಸಾ ತೀರದಲ್ಲಿ ಸ್ವಾಗತವಿಧಿ ನಡೆಯುತ್ತದೆ. ನಾಡನ್ನು ಬಿಟ್ಟುಕೊಡುವ ಮಾತುಕತೆ ನಡೆಯಿತೆನ್ನುವ ತೀರವೇ ಇದು. ಮರಳಿನ ಮೇಲೆ ಪವಿತ್ರಾಗ್ನಿಯನ್ನು ಉರಿಸುತ್ತಾರೆ. ಬರುವ ದೇವತೆಗಳು ಆಶ್ರಯಿಸುವುದಕ್ಕಾಗಿ 'ಹಿಮೊರೊಗಿ' ಎಂಬ ಎರಡು ಪವಿತ್ರ ವೃಕ್ಷಶಾಖೆಗಳನ್ನು ಇರಿಸುತ್ತಾರೆ. ಅಲ್ಲಿ ಪ್ರತಿಮೆಯಿಲ್ಲ, ಹಸುರೆಲೆಯ ಕೊಂಬೆಯೇ ಆವಾಹನೆಯ ಸ್ಥಾನ.

ದೇವತೆಗಳಿಗೆ ಸಮುದ್ರದಲ್ಲಿ ದಾರಿ ತೋರಿಸುವವನು ಒಂದು ಕಡಲ ಹಾವು. ಅದನ್ನು 'ರ್ಯೂಜಾ' ಎಂದು ಕರೆದು ಪೂಜಿಸುತ್ತಾರೆ. ಈ ಋತುವಿನಲ್ಲಿ ಬಿರುಗಾಳಿ ಎದ್ದು, ದಕ್ಷಿಣದ ಬೆಚ್ಚನೆಯ ನೀರಿನಿಂದ ತೇಲಿಬಂದ ಹಾವುಗಳು ತೀರಕ್ಕೆ ಬಂದು ಬೀಳುವುದುಂಟು. ಬೆನ್ನು ಕಪ್ಪು, ಹೊಟ್ಟೆ ಹಳದಿ, ಬಾಲ ಹುಟ್ಟಿನಂತೆ ಚಪ್ಪಟೆ. ಹಿಂದಿನ ಕಾಲದಿಂದಲೂ ಬೆಸ್ತರು ಇಂತಹ ಹಾವನ್ನು ಕಂಡರೆ ಭಕ್ತಿಯಿಂದ ಮಂದಿರಕ್ಕೆ ಒಪ್ಪಿಸುತ್ತಿದ್ದರು. ಇದೇ ಜಾತಿಯ ಹಾವು ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಇದೆ. ಪಶ್ಚಿಮ ಕರಾವಳಿಯ ಮೀನುಗಾರರ ಬಲೆಗೂ ಬೀಳುವುದುಂಟು. ವಿಷವುಳ್ಳದ್ದಾದುದರಿಂದ ಅದನ್ನು ಕೈಯಿಂದ ಮುಟ್ಟಬಾರದು.

ತೀರದಲ್ಲಿರುವ ಸಣ್ಣ ಬಂಡೆದ್ವೀಪಕ್ಕೆ ಬೆಂತೆನ್ ದ್ವೀಪವೆಂದು ಹೆಸರು. ಅಲ್ಲಿನ ಗುಡಿಯಲ್ಲಿ ಇಂದು ಇರುವವನು ಸಮುದ್ರದೇವತೆ. ಆದರೆ ಹೆಸರಿನಲ್ಲಿ ಉಳಿದಿರುವ ಬೆಂತೆನ್ ಎಂದರೆ ಬೌದ್ಧರೊಡನೆ ಜಪಾನಿಗೆ ಹೋದ ನಮ್ಮ ಸರಸ್ವತೀದೇವಿಯೇ. ಓಕುನಿನುಶಿಯೂ ಜನರ ಭಕ್ತಿಯಲ್ಲಿ ದೈಕೊಕು ಎಂಬ ಭಾಗ್ಯದೇವತೆಯೊಡನೆ ಒಂದಾಗಿದ್ದಾನೆ. ದೈಕೊಕು ಎಂದರೆ ಭಾರತದಿಂದ ಹೋದ ಮಹಾಕಾಲ. ಇಬ್ಬರ ಹೆಸರಿನ ಅಕ್ಷರಗಳಿಗೂ ಸಮಾನವಾದ ಉಚ್ಚಾರಣೆ ಉಂಟು. ಇಬ್ಬರ ಹೆಗಲಿನಲ್ಲಿಯೂ ಚೀಲ ಉಂಟು. ಹೀಗೆ ಉಗ್ರನಾದ ಮಹಾಕಾಲನು ಅಲ್ಲಿ ಅಕ್ಕಿಮೂಟೆಯ ಮೇಲೆ ನಿಂತು ನಗುವ ದೇವತೆಯಾಗಿದ್ದಾನೆ.

ತೀರದ ವಿಧಿ ಮುಗಿದ ಮೇಲೆ ನಾಗದೇವತೆಯನ್ನು ಮುಂದಿರಿಸಿಕೊಂಡು, ಕೊಂಬೆಗಳನ್ನು ಬಿಳಿಯ ಬಟ್ಟೆಯಿಂದ ಮರೆಮಾಡಿ, ಅರ್ಚಕರು ಮಂದಿರದ ಕಡೆಗೆ ನಡೆಯುತ್ತಾರೆ. ಜನರು ಹಿಂಬಾಲಿಸುತ್ತಾರೆ. ಈ ಹಾದಿಗೆ 'ದೇವತೆಗಳನ್ನು ಎದುರುಗೊಳ್ಳುವ ದಾರಿ' ಎಂದೇ ಹೆಸರು. ಮಂದಿರದಲ್ಲಿ ಪೂಜೆಯಾದ ಬಳಿಕ ದೇವತೆಗಳಿಗೆ ಬಿಡಾರ ಒದಗುತ್ತದೆ. ಗರ್ಭಗೃಹದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಉದ್ದನೆಯ ಕಟ್ಟಡಗಳಿವೆ. ಒಂದೊಂದಕ್ಕೂ ಹತ್ತೊಂಬತ್ತು ಬಾಗಿಲುಗಳು. ವರ್ಷದ ಉಳಿದ ದಿನಗಳಲ್ಲಿ ಮುಚ್ಚಿರುವ ಆ ಬಾಗಿಲುಗಳು ಈ ದಿನಗಳಲ್ಲಿ ತೆರೆದಿರುತ್ತವೆ.

ಸಭೆ ಮತ್ತು ಮೌನ

ಹನ್ನೊಂದರಿಂದ ಹದಿನೇಳನೆಯ ದಿನದವರೆಗೆ ದೇವಸಭೆಯ ಕಾಲ. ಮಂದಿರದ ಪಶ್ಚಿಮಕ್ಕೆ, ಕಡಲ ಕಡೆಗಿರುವ 'ಮೇಲಣ ಗುಡಿ' ಎಂಬ ಚಿಕ್ಕ ದೇಗುಲದಲ್ಲಿ ದೇವತೆಗಳು ಆಲೋಚನೆಗೆ ಕೂಡುತ್ತಾರೆಂದು ನಂಬಿಕೆ. ಅವರು ನಿರ್ಣಯಿಸುವುದು 'ಎನ್' ಎಂಬುದನ್ನು. ಈ ಮಾತಿಗೆ ನಮ್ಮ ಭಾಷೆಯಲ್ಲಿ ಋಣಾನುಬಂಧವೆಂಬುದೇ ಅತಿ ಸಮೀಪವಾದ ಶಬ್ದ. ಯಾರಿಗೆ ಯಾರೊಡನೆ ವಿವಾಹವೆಂಬುದು ಅದರಲ್ಲಿ ಮುಖ್ಯವಾದುದು. ಅದಕ್ಕಾಗಿಯೇ ತರುಣ ತರುಣಿಯರು ಇಜುಮೊಕ್ಕೆ ಹರಕೆ ಹೊತ್ತು ಬರುತ್ತಾರೆ. ಆದರೆ ಅರ್ಥ ಅಷ್ಟಕ್ಕೇ ನಿಲ್ಲುವುದಿಲ್ಲ. ಗುರುಶಿಷ್ಯರು, ನೆರೆಹೊರೆಯವರು, ಒಡೆಯ ಮತ್ತು ಕೆಲಸಗಾರ, ಮನುಷ್ಯ ಮತ್ತು ಭೂಮಿ, ಇವರ ನಡುವಣ ಬಂಧಗಳೂ ಅಲ್ಲಿಯೇ ಹೆಣೆಯಲ್ಪಡುತ್ತವೆ ಎಂದು ಹೇಳುತ್ತಾರೆ.

ಎಂಬತ್ತು ಲಕ್ಷ ದೇವತೆಗಳು ಬಂದ ಉತ್ಸವವೆಂದರೆ ವಾದ್ಯಘೋಷ, ನೃತ್ಯ, ಸಡಗರ ಇರಬೇಕೆಂದು ನಾವು ಭಾವಿಸುತ್ತೇವೆ. ಇಜುಮೊದಲ್ಲಿ ಅದಕ್ಕೆ ವ್ಯತಿರಿಕ್ತವಾದ ಕ್ರಮ. ದೇವತೆಗಳ ಆಲೋಚನೆಗೆ ಭಂಗ ಬಾರದಿರಲೆಂದು ಊರಿನವರು ಈ ದಿನಗಳಲ್ಲಿ ಹಾಡು, ಕುಣಿತ, ವಾದ್ಯ, ಮನೆಕಟ್ಟುವ ಕೆಲಸ ಇವುಗಳನ್ನು ವರ್ಜಿಸಿ ವ್ರತದಿಂದ ಇರುವುದು ಸಂಪ್ರದಾಯ. ಅತಿಥಿಗೆ ಮಾಡುವ ಅತ್ಯುನ್ನತವಾದ ಉಪಚಾರ ಮೌನವೆಂದು ಆ ಜನ ತಿಳಿದಿದ್ದಾರೆ. ಪೂಜಾವಿಧಿಯೂ ಸರಳ: ಎರಡು ಸಲ ತಲೆಬಾಗಿ, ನಾಲ್ಕು ಸಲ ಕೈತಟ್ಟಿ, ಮತ್ತೊಮ್ಮೆ ತಲೆಬಾಗುವುದು. ಇತರ ಮಂದಿರಗಳಲ್ಲಿ ಸಾಮಾನ್ಯವಾಗಿ ಎರಡೇ ಸಲ ಕೈತಟ್ಟುವುದು ರೂಢಿ.

ಹದಿನೇಳನೆಯ ದಿನ ಸಾಯಂಕಾಲ ಬೀಳ್ಕೊಡುಗೆ. ಅರ್ಚಕನೊಬ್ಬನು ಗೋಪುರದ್ವಾರದ ಬಾಗಿಲನ್ನು ಮೂರು ಸಲ ತಟ್ಟಿ, 'ಒತಾಚಿ, ಒತಾಚಿ' ಎಂದು ಕೂಗುತ್ತಾನೆ. ಹೊರಡುವ ಸಮಯವಾಯಿತೆಂದು ಅದರ ತಾತ್ಪರ್ಯ. ಆ ಕ್ಷಣದಲ್ಲಿ ದೇವತೆಗಳು ಮಂದಿರವನ್ನು ಬಿಡುತ್ತಾರೆ. ಪ್ರಾಂತದ ಇತರ ಗುಡಿಗಳಲ್ಲಿಯೂ ಅವರಿಗೆ ಆತಿಥ್ಯ ಉಂಟು. ಮಾತ್ಸುಯೆ ನಗರದ ಸಾದಾ ಮಂದಿರದಲ್ಲಿ, ದೇವತೆಗಳ ತಾಯಿಯಾದ ಇಜಾನಮಿಯ ಸ್ಮರಣೆಗಾಗಿ ಅವರು ಕೂಡುತ್ತಾರೆಂಬ ನಂಬಿಕೆಯಿದ್ದು, ಅಲ್ಲಿ ಈಗ ನವೆಂಬರ್ 20ರಿಂದ 25ರವರೆಗೆ ಉತ್ಸವ ನಡೆಯುತ್ತದೆ. ಮಂಕುಸೆನ್ ಎಂಬ ಗುಡಿಯಲ್ಲಿ ಕೊನೆಯ ಔತಣ. ಹಳೆಯ ಪಂಚಾಂಗದ ಇಪ್ಪತ್ತಾರನೆಯ ದಿನ ಅವರು ಇಜುಮೊದ ನೆಲವನ್ನೇ ಬಿಟ್ಟು ತಂತಮ್ಮ ಊರುಗಳಿಗೆ ಮರಳುತ್ತಾರೆ.

ಮನೆಯಲ್ಲಿ ಉಳಿದವರು

ಹಾಗಾದರೆ ಆ ದಿನಗಳಲ್ಲಿ ಇತರ ಊರುಗಳು ಅನಾಥವೆ? ಜನರ ನಂಬಿಕೆ ಇದಕ್ಕೂ ಸಮಾಧಾನ ಹೇಳುತ್ತದೆ. ಕೆಲವು ದೇವತೆಗಳು ಮನೆಕಾಯಲು ಉಳಿಯುತ್ತಾರೆ. ಅವರಲ್ಲಿ ಮುಖ್ಯನಾದವನು ಎಬಿಸು, ಮೀನುಗಾರರ ಮತ್ತು ವರ್ತಕರ ದೇವತೆ. ಅವನಿಗೆ ಕಿವಿ ಕೇಳದ ಕಾರಣ ಸಭೆಯ ಕರೆ ತಿಳಿಯಲಿಲ್ಲವೆಂದು ಒಂದು ಕಥೆ. ಆ ತಿಂಗಳ ಇಪ್ಪತ್ತನೆಯ ದಿನ ಅನೇಕ ಕಡೆಗಳಲ್ಲಿ ಅವನಿಗೆ ವಿಶೇಷ ಪೂಜೆ. ಅಡುಗೆಮನೆಯ ಒಲೆಯ ದೇವತೆಯೂ ಒಲೆಯನ್ನು ಬಿಟ್ಟು ಹೋಗುವುದಿಲ್ಲ. ಸುವಾ ಸರೋವರದ ದೇವತೆಯಾದ ತಕೆಮಿನಕಾತನು ತನ್ನ ಶಪಥಕ್ಕೆ ಕಟ್ಟುಬಿದ್ದು ಅಲ್ಲಿಯೇ ಇರುತ್ತಾನೆ. ಎಲ್ಲರೂ ಯಾತ್ರೆಗೆ ಹೊರಟ ಮನೆಯಲ್ಲಿ ಕಿವಿ ಮಂದವಾದ ಅಜ್ಜನೂ ಒಲೆಯ ಮುಂದಿನ ಅಜ್ಜಿಯೂ ಉಳಿದು ದೀಪ ಹಚ್ಚುವುದನ್ನು ಕಂಡವರಿಗೆ ಈ ಕಥೆಯ ಮರ್ಮ ಬೇರೆ ಹೇಳಬೇಕಾಗಿಲ್ಲ.

ಒಂದು ಸಂಶಯ

ವಿದ್ವಾಂಸರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಿದ್ದಾರೆ. 'ಕನ್ನಜುಕಿ' ಎಂಬ ಶಬ್ದದ ನಡುವಣ 'ನ' ಕಾರಕ್ಕೆ 'ಇಲ್ಲ' ಎಂಬ ಅರ್ಥವಿಲ್ಲ. ಅದು ಪ್ರಾಚೀನ ಭಾಷೆಯ ಷಷ್ಠೀವಿಭಕ್ತಿ ಪ್ರತ್ಯಯ. ಆದುದರಿಂದ ಮೂಲದಲ್ಲಿ ಆ ಹೆಸರಿಗೆ 'ದೇವರ ತಿಂಗಳು' ಎಂದೇ ಅರ್ಥವಿದ್ದಿರಬೇಕು ಎಂದು ಅವರ ಅಭಿಪ್ರಾಯ. ದೇವತೆಗಳು ಇಜುಮೊಕ್ಕೆ ಹೋಗುವರೆಂಬ ಮಾತು ಹನ್ನೆರಡನೆಯ ಶತಮಾನದ ಗ್ರಂಥದಲ್ಲಿ ಕಾಣುತ್ತದೆಯೇ ಹೊರತು ಕೋಜಿಕಿಯಲ್ಲಿ ಇಲ್ಲ. ಹೀಗಿರುವಾಗ ಒಂದು ಅಕ್ಷರದ ತಪ್ಪು ತಿಳುವಳಿಕೆಯಿಂದ ಇಷ್ಟು ದೊಡ್ಡ ಆಚರಣೆ ಬೆಳೆಯಿತೆ?

ಭಾಗಶಃ ಹಾಗೆ ಇರಬಹುದು. ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ತಪ್ಪಾದ ವ್ಯುತ್ಪತ್ತಿಯಿಂದ ಹುಟ್ಟಿದ ನಂಬಿಕೆಯೂ ಇಜುಮೊಕ್ಕೇ ಬಂದು ಏಕೆ ನೆಲೆಸಿತೆಂಬುದು ವಿಚಾರಾರ್ಹ. ಇಜುಮೊ ಬರಿಯ ಕಥೆಯ ಊರಲ್ಲ. 1984ರಲ್ಲಿ ಅಲ್ಲಿನ ಕೋಜಿಂದಾನಿ ಎಂಬಲ್ಲಿ ಒಂದೇ ಸ್ಥಳದಲ್ಲಿ 358 ಕಂಚಿನ ಖಡ್ಗಗಳು ದೊರೆತವು. 1996ರಲ್ಲಿ ಸಮೀಪದ ಕಾಮೋ ಇವಾಕುರಾದಲ್ಲಿ 39 ಕಂಚಿನ ಘಂಟೆಗಳು ದೊರೆತವು. ಪ್ರಾಚೀನಕಾಲದಲ್ಲಿ ಇಲ್ಲಿ ಒಂದು ಪ್ರಬಲವಾದ ಸಮಾಜವಿದ್ದಿತೆಂಬುದಕ್ಕೆ ಇವು ಸಾಕ್ಷಿ. ಆ ನಾಡು ಮುಂದೆ ಯಾಮಾತೊ ಅರಸರ ಅಧೀನವಾದುದರ ನೆನಪೇ ನಾಡು ಬಿಟ್ಟುಕೊಟ್ಟ ಕಥೆಯಾಗಿರಬಹುದೆಂದು ಅನೇಕರು ಊಹಿಸುತ್ತಾರೆ. ಅಧಿಕಾರ ಹೋಯಿತು, ಆದರೆ ಗೌರವವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಗೆದ್ದವರ ಆಸ್ಥಾನದಲ್ಲಿ ಬರೆದ ಗ್ರಂಥವೇ ಸೋತವನಿಗೆ ಮಂದಿರ ಕೊಟ್ಟುದನ್ನು ಹೇಳುತ್ತದೆ. ಇದು ಕಡಮೆಯ ಮಾತಲ್ಲ.

ಅರವತ್ತು ವರ್ಷಕ್ಕೊಮ್ಮೆ ಹೊಸತು

ಓಕುನಿನುಶಿಗೆ ಮಾತು ಕೊಟ್ಟ ಮಂದಿರವನ್ನು ಜನರು ಹೇಗೆ ಉಳಿಸಿಕೊಂಡಿದ್ದಾರೆಂಬುದು ಜೀರ್ಣೋದ್ಧಾರದ ಸಂದರ್ಭದಲ್ಲಿ ನಾವು ಮುಖ್ಯವಾಗಿ ತಿಳಿಯತಕ್ಕ ವಿಷಯ. ಈಗಿನ ಗರ್ಭಮಂದಿರವು 1744ರಲ್ಲಿ ಮರದಿಂದ ಕಟ್ಟಿದುದು. ಎತ್ತರ ಸುಮಾರು 24 ಮೀಟರು. ಪ್ರಾಚೀನ ಮಂದಿರ 48 ಮೀಟರು ಎತ್ತರವಿದ್ದಿತೆಂದು ಪರಂಪರೆ ಹೇಳುತ್ತಿತ್ತು. ಮೂರು ಮೂರು ಮರಗಳನ್ನು ಸೇರಿಸಿ ಬಿಗಿದ ಒಂಬತ್ತು ಕಂಬಗಳ ನಕ್ಷೆಯೊಂದು ಅರ್ಚಕರ ಮನೆತನದಲ್ಲಿತ್ತು. ಅನೇಕರು ಅದನ್ನು ನಂಬಿರಲಿಲ್ಲ. 2000ದಲ್ಲಿ ಮಂದಿರದ ಅಂಗಳವನ್ನು ಅಗೆದಾಗ, ಮೂರು ಬೃಹತ್ ದೇವದಾರು ಜಾತಿಯ ಮರಗಳನ್ನು ಒಟ್ಟುಗೂಡಿಸಿದ, ಸುಮಾರು 3 ಮೀಟರು ಅಗಲದ ಕಂಬದ ಬುಡವೇ ದೊರೆಯಿತು. ಅದು ಹದಿಮೂರನೆಯ ಶತಮಾನದ ಮಂದಿರದ್ದೆಂದು ನಿರ್ಣಯಿಸಿದ್ದಾರೆ. ಎತ್ತರದ ವಿಷಯದಲ್ಲಿ ಚರ್ಚೆ ಉಳಿದಿದ್ದರೂ ನಕ್ಷೆಯ ಕಂಬಗಳು ಕಲ್ಪನೆಯಲ್ಲವೆಂದು ಸಿದ್ಧವಾಯಿತು.

ಮಂದಿರವನ್ನು ಸುಮಾರು ಅರವತ್ತು ಎಪ್ಪತ್ತು ವರ್ಷಗಳಿಗೊಮ್ಮೆ ಜೀರ್ಣೋದ್ಧಾರ ಮಾಡುವುದು ಪದ್ಧತಿ. 1809, 1881, 1953ರಲ್ಲಿ ಹೀಗೆ ನಡೆಯಿತು. 1953ರಲ್ಲಿ ಬೆಂಕಿ ಬಿದ್ದು ಪೂಜಾಮಂಟಪ ಸುಟ್ಟುಹೋಯಿತು. 1959ರಲ್ಲಿ ಜನರು ಅದನ್ನು ಮತ್ತೆ ಕಟ್ಟಿದರು. ಕಳೆದ ಸಲದ ಕಾರ್ಯ ಆರಂಭವಾದುದು 2008ರಲ್ಲಿ. ಆಗ ದೇವರನ್ನು ಇದೇ ಪೂಜಾಮಂಟಪಕ್ಕೆ ಸ್ಥಳಾಂತರಿಸಿದರು. ನಮ್ಮ ಬಾಲಾಲಯದ ಕ್ರಮವೇ ಅದು. 2013ರ ಮೇ 10ರಂದು ದೇವರು ಗರ್ಭಮಂದಿರಕ್ಕೆ ಮರಳಿದನು.

ಮಾಡಿಗೆ ಹೊದಿಸುವುದು ಹಿನೋಕಿ ಎಂಬ ಮರದ ತೊಗಟೆಯನ್ನು. ಮರವನ್ನು ಕಡಿಯುವುದಿಲ್ಲ, ನಿಂತ ಮರದ ಹೊರತೊಗಟೆಯನ್ನು ಮಾತ್ರ ನೋವಾಗದಂತೆ ಬಿಡಿಸುತ್ತಾರೆ. ಕೆಲವು ವರ್ಷಗಳಲ್ಲಿ ತೊಗಟೆ ಮರಳಿ ಬೆಳೆಯುತ್ತದೆ. ಅರವತ್ತು ವರ್ಷದ ಅಂತರವೆಂದರೆ ಒಬ್ಬ ಕೆಲಸಗಾರನು ತನ್ನ ಆಯುಷ್ಯದಲ್ಲಿ ಒಮ್ಮೆ ಮಾತ್ರ ಈ ಮಾಡಿನ ಮೇಲೆ ಏರಬಲ್ಲನು. ಆ ಒಮ್ಮೆಯಲ್ಲಿಯೇ ಅವನು ಕಿರಿಯರಿಗೆ ಕಲಿಸಬೇಕು. ಕಲಿಸದಿದ್ದರೆ ವಿದ್ಯೆ ಅಲ್ಲಿಗೇ ಮುಗಿಯಿತು. ಜಪಾನಿನ ಈ ಮರಗೆಲಸದ ಪರಂಪರೆಗಳನ್ನು 2020ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಈಗ ಮೊದಲಿನ ಸಂಶಯಕ್ಕೆ ಬರೋಣ. ಬರಿದಾದ ಗರ್ಭಗುಡಿಯ ಮುಂದೆ ಕೈಮುಗಿಯಬೇಕೆ? ಇಜುಮೊದ ಜನರಿಂದ ನಾವು ತಿಳಿಯುವುದು ಇಷ್ಟು. ಮರ, ತೊಗಟೆ, ಕಂಬ ಇವು ಕಾಣುವ ಮಂದಿರ. ತಂದೆಯಿಂದ ಮಗನಿಗೆ ಬಂದ ಕೈಕೆಲಸ, ಬೆಸ್ತನು ತಂದೊಪ್ಪಿಸಿದ ಹಾವು, ನೆರೆಯವನ ಸಭೆಗಾಗಿ ತಾನು ಬಿಟ್ಟ ವಾದ್ಯ, ಇವು ಕಾಣದ ಮಂದಿರ. ಕಾಣುವುದನ್ನು ಅರವತ್ತು ವರ್ಷಕ್ಕೊಮ್ಮೆ ಹೊಸದಾಗಿಸಿದರೆ ಸಾಕು. ಕಾಣದ ಬಂಧವನ್ನು ಪ್ರತಿವರ್ಷವೂ ಹೊಸದಾಗಿಸಬೇಕೆಂದೇ ಅಲ್ಲಿ ದೇವತೆಗಳು ತಿಂಗಳುಗಟ್ಟಲೆ ಕೂಡುತ್ತಾರೆ. ಈ ಬಂಧ ಇರುವಲ್ಲಿ ಗರ್ಭಗುಡಿ ಕೆಲಕಾಲ ಬರಿದಾದರೂ ದೇವರು ದೂರವಿಲ್ಲ; ಈ ಬಂಧ ಸಡಿಲಿದಲ್ಲಿ ಕಲಶವೇರಿದ ಗುಡಿಯೂ ಬರಿದೇ. ಸಂಬಂಧಪಟ್ಟವರೆಲ್ಲರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಯದಲ್ಲಿ ತೊಡಗಲೆಂದು ಪ್ರಾರ್ಥಿಸುತ್ತೇನೆ. ಸರ್ವರಿಗೂ ಮಂಗಳವಾಗಲಿ.